ಕಾರಲ್ಲೇ ಬೆಂಗಳೂರಿಂದ ಪುಣೆಗೆ: ಮನೆ ಬದಲಿಸುವ ದಂಪತಿಗೆ ಸಮಗ್ರ ಮಾರ್ಗದರ್ಶಿ

ಕೆಲಸ ಪುಣೆಗೆ ವರ್ಗವಾಯಿತು ಅಂದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಪ್ಯಾಕರ್ಸ್‌ಗೆ ಫೋನ್. ಎರಡನೆಯದು ಯಾರೋ ಹೇಳಿದರು ಅಂತ ಆರ್‌ಟಿಒ ಕಚೇರಿಗೆ ಓಡಿ ಕಾರಿನ ಎನ್‌ಒಸಿ (ಗಾಡಿಯನ್ನು ಬೇರೆ ರಾಜ್ಯಕ್ಕೆ ವರ್ಗಾಯಿಸಲು ಇಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ತರುವುದು. ಮನೆ ಹುಡುಕುವುದು ಅಲ್ಲಿ ಹೋದ ಮೇಲೆ. ಈ ಕ್ರಮವೇ ತಲೆಕೆಳಗು. ರಾಜ್ಯ ಬದಲಿಸುವಾಗ ಒಂದು ಕಾಗದ ಇನ್ನೊಂದರ ಮೇಲೆ ನಿಂತಿರುತ್ತದೆ, ಎಲ್ಲಕ್ಕೂ ಬುಡದಲ್ಲಿ ಇರುವುದು ಹೊಸ ಊರಿನ ಬಾಡಿಗೆ ಕರಾರು. ಮೊದಲು ಮನೆ, ಆಮೇಲೆ ಲಾರಿ, ಆಮೇಲೆ ಕಾರು, ಕೊನೆಗೆ ಕಾರಿನ ನಂಬರ್. ಈ ಸಾಲು ಹಿಡಿದರೆ ಓಡಾಟ ಅರ್ಧ ಕಮ್ಮಿ.

ಇಲ್ಲಿ ಬೆಂಗಳೂರು–ಪುಣೆ ದಾರಿಯನ್ನೇ ಹಿಡಿದು ಹೇಳುತ್ತೇನೆ. ಬೇರೆ ರಾಜ್ಯಕ್ಕೆ ಹೋಗುವವರಿಗೂ ಕ್ರಮ ಇದೇ. ತೆರಿಗೆ ದರ, ಕರಾರಿನ ಪದ್ಧತಿ ಮಾತ್ರ ಬೇರೆ.

ಹಂತ 1: ಎಷ್ಟು ಕಾಲಕ್ಕೆ ಹೋಗುತ್ತಿದ್ದೀರಿ?

ಗಂಡ ಹೆಂಡತಿ ಇಬ್ಬರೂ ಕೂತು ಇದನ್ನು ಮೊದಲು ಮಾತಾಡಿಕೊಳ್ಳಿ. ಒಬ್ಬರ ತಲೆಯಲ್ಲಿ 'ಒಂದು ವರ್ಷ ನೋಡೋಣ', ಇನ್ನೊಬ್ಬರ ತಲೆಯಲ್ಲಿ 'ಅಲ್ಲೇ ಮನೆ ತಗೊಳ್ಳೋಣ' ಅಂತಿದ್ದರೆ ಮುಂದಿನ ಒಂದೊಂದು ಖರ್ಚಿಗೂ ಜಗಳ.

ಈ ಪ್ರಶ್ನೆಗೆ ಕಾನೂನಿನ ಕಾರಣವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರ್ ಹಾಕಿಸಬೇಕು. ಅಂದರೆ 'ಕೆಎ' ನಂಬರಿನ ಕಾರು ಒಂದು ವರ್ಷ ಮಹಾರಾಷ್ಟ್ರದಲ್ಲಿ ಆರಾಮವಾಗಿ ಓಡಬಹುದು. ವರ್ಷದೊಳಗೆ ವಾಪಸ್ ಬರುವವರು ನಂಬರಿನ ತಂಟೆಗೇ ಹೋಗಬೇಡಿ. ಮೂರು ನಾಲ್ಕು ವರ್ಷ ಇರುವುದು ಖಚಿತವಾದರೆ ಬದಲಿಸಿಬಿಡಿ. ಕಾರು ತೀರಾ ಹಳೆಯದಾಗಿದ್ದರೆ ಇಲ್ಲೇ ಮಾರಿ ಅಲ್ಲಿ ಒಂದು ತಗೊಳ್ಳುವುದು ವಾಸಿ. ತೆರಿಗೆ, ಓಡಾಟ, ಏಜೆಂಟ್ ಖರ್ಚು ಕೂಡಿಸಿ ನೋಡಿದರೆ ಹಳೇ ಕಾರಿಗೆ ಅಷ್ಟೆಲ್ಲ ಮಾಡುವುದು ಲಾಭವಲ್ಲ.

ಇನ್ನೊಂದು ದಾರಿ ಬಿಎಚ್ (ಭಾರತ್) ಸರಣಿಯ ನಂಬರ್. ಇದು ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಸರ್ಕಾರಿ ನೌಕರರು, ರಕ್ಷಣಾ ಸಿಬ್ಬಂದಿ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೆ ಸಿಗುತ್ತದೆ. ತೆರಿಗೆಯನ್ನು 15 ವರ್ಷಕ್ಕೆ ಒಟ್ಟಿಗೇ ಕಟ್ಟುವ ಬದಲು ಎರಡೆರಡು ವರ್ಷಕ್ಕೆ ಕಟ್ಟಬೇಕು. ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲ. ಊರೂರು ಅಲೆಯುವ ಕೆಲಸದವರಿಗೆ ಇದೇ ಸರಿ. ಹೊಸ ಕಾರು ಕೊಳ್ಳುವ ಯೋಚನೆ ಇದ್ದರೆ ಮೊದಲು ಕಂಪನಿಯ ಎಚ್‌ಆರ್ ಹತ್ತಿರ ಕೇಳಿ, ಏಕೆಂದರೆ ಖಾಸಗಿ ನೌಕರರಿಗೆ ಬೇಕಾದ ಫಾರಂ 60ರ ಪ್ರಮಾಣಪತ್ರ ಅವರೇ ಕೊಡಬೇಕು.

ಹಂತ 2: ಮನೆ, ಅದೂ ಇಬ್ಬರ ಹೆಸರಲ್ಲಿ

ಸಾಮಾನು ಸಾಗಿಸುವ ಮುಂಚೆ ಒಮ್ಮೆ ಇಬ್ಬರೂ ಹೋಗಿ ಮನೆ ನೋಡಿ ಬನ್ನಿ. ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ. ಮನೆ ತೋರಿಸದೆ ದುಡ್ಡು ಕೇಳುವವರು ಪ್ರತಿ ಊರಲ್ಲೂ ಇದ್ದಾರೆ.

ಪುಣೆಯಲ್ಲಿ ಕೆಲಸದ ಜಾಗಗಳು ಊರಿನ ಎರಡು ತುದಿಗಿವೆ. ಹಿಂಜೆವಾಡಿ ಪಶ್ಚಿಮಕ್ಕೆ, ಖರಾಡಿ ಮತ್ತು ಮಗರಪಟ್ಟಾ ಪೂರ್ವಕ್ಕೆ. ಇಬ್ಬರ ಆಫೀಸು ಬೇರೆ ಬೇರೆ ತುದಿಗಿದ್ದರೆ ಯಾರಾದರೊಬ್ಬರು ದಿನಾ ಊರು ದಾಟಬೇಕು. ಔಂಧ್, ಶಿವಾಜಿನಗರದಂಥ ನಡುವಿನ ಜಾಗ ಬಾಡಿಗೆಯಲ್ಲಿ ಜಾಸ್ತಿ ಅನ್ನಿಸಿದರೂ ಪೆಟ್ರೋಲು, ಸಮಯ ಎರಡರ ಲೆಕ್ಕ ಹಾಕಿ. ಮೆಟ್ರೊ ಎರಡು ಮಾರ್ಗ ಓಡುತ್ತಿದೆ: ಪಿಂಪ್ರಿ-ಚಿಂಚ್‌ವಡದಿಂದ ಸ್ವಾರ್‌ಗೇಟ್, ವನಾಜ್‌ನಿಂದ ರಾಮವಾಡಿ. ನಿಲ್ದಾಣದಿಂದ ನಡೆದುಹೋಗುವ ದೂರದಲ್ಲಿ ಮನೆ ಸಿಕ್ಕರೆ ಒಂದೇ ಕಾರಿನಲ್ಲಿ ಸಂಸಾರ ನಡೆಯುತ್ತದೆ. ಮನೆ ನೋಡಲು ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹೋಗಿ. ಭಾನುವಾರ ಎಲ್ಲ ರಸ್ತೆಯೂ ಖಾಲಿಯೇ.

ಬೆಂಗಳೂರಿನವರಿಗೆ ಒಂದು ಸಮಾಧಾನ. ನಮ್ಮಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಕೇಳಿ ಅಭ್ಯಾಸವಾಗಿದೆ ಅಲ್ವಾ? ಪುಣೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಾಡಿಗೆಯಷ್ಟೇ ಠೇವಣಿ. ಆದರೂ ಇಲ್ಲಿನ ಅಡ್ವಾನ್ಸ್ ವಾಪಸ್ ಬರುವ ಮುಂಚೆಯೇ ಅಲ್ಲಿ ಕೊಡಬೇಕು. ನಡುವೆ ಲಾರಿಯವನಿಗೂ ಕೊಡಬೇಕು. ಆ ಎರಡು ಮೂರು ವಾರಕ್ಕೆ ಕೈಯಲ್ಲಿ ದುಡ್ಡಿರಲಿ.

ಕರಾರಿನ ವಿಷಯ ಬಹಳ ಮುಖ್ಯ. ಕರ್ನಾಟಕದಲ್ಲಿ ಸ್ಟಾಂಪ್ ಪೇಪರಿನ ಮೇಲೆ 11 ತಿಂಗಳ ಕರಾರು ಬರೆದು ಸಹಿ ಹಾಕಿದರೆ ಮುಗಿಯಿತು. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಅಲ್ಲಿ 'ಲೀವ್ ಅಂಡ್ ಲೈಸೆನ್ಸ್' ಕರಾರು, ಅದೂ 11 ತಿಂಗಳದಾದರೂ ನೋಂದಣಿ ಕಡ್ಡಾಯ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಇದನ್ನು ಹೇಳುತ್ತದೆ. ನೋಂದಣಿ ಮಾಡಿಸುವುದು ಮನೆ ಮಾಲೀಕರ ಹೊಣೆ. ಮಾಡಿಸದಿದ್ದರೆ, ತಕರಾರು ಬಂದಾಗ ಬಾಡಿಗೆದಾರ ಹೇಳಿದ ಷರತ್ತೇ ಸರಿ ಅಂತ ಮೊದಲು ಒಪ್ಪುತ್ತಾರೆ, ಸುಳ್ಳೆಂದು ಸಾಬೀತು ಮಾಡುವ ಕೆಲಸ ಮಾಲೀಕರದು. ಹೀಗಾಗಿ ಅವರೇ ಆಸಕ್ತಿ ವಹಿಸುತ್ತಾರೆ. ಖರ್ಚು ಹೆಚ್ಚಿಲ್ಲ. ಒಟ್ಟು ಬಾಡಿಗೆ ಮತ್ತು ಠೇವಣಿಯ ಲೆಕ್ಕದ ಮೇಲೆ 0.25 ಶೇಕಡ ಸ್ಟಾಂಪ್ ಡ್ಯೂಟಿ, ನಗರ ಪ್ರದೇಶದಲ್ಲಿ 1,000 ರೂಪಾಯಿ ನೋಂದಣಿ ಶುಲ್ಕ, ಮೇಲೆ ಏಜೆಂಟರ ದುಡ್ಡು. ಇದನ್ನು ಯಾರು ಕೊಡುವುದು ಅಂತ ಮೊದಲೇ ಮಾತಾಡಿ.

ಎಲ್ಲ ಆನ್‌ಲೈನ್. ಏಜೆಂಟ್ ಬೆರಳಚ್ಚು ಯಂತ್ರ, ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರುತ್ತಾನೆ. ನೀವು ಹೆಬ್ಬೆರಳು ಒತ್ತಬೇಕು, ಕ್ಯಾಮೆರಾ ನೋಡಬೇಕು, ಆಧಾರ್ ಜೊತೆ ತಾಳೆಯಾಗಬೇಕು. ಆಧಾರ್‌ನಲ್ಲಿ ಹೆಂಡತಿಯ ಹೆಸರು ಮದುವೆಗೆ ಮುಂಚಿನದು, ಪ್ಯಾನ್‌ನಲ್ಲಿ ಆಮೇಲಿನದು ಅಂತಿದ್ದರೆ ಇಲ್ಲೇ ತೊಡಕು. ಹೊರಡುವ ಮುಂಚೆ ಸರಿ ಮಾಡಿಸಿ.

ಕರಾರಿನಲ್ಲಿ ಇಬ್ಬರ ಹೆಸರೂ ಇರಲೇಬೇಕು. 'ಸರ್, ಒಬ್ಬರದು ಸಾಕು' ಅಂತ ಬ್ರೋಕರ್ ಹೇಳುತ್ತಾನೆ. ಅವನಿಗೆ ಒಂದು ಹೆಬ್ಬೆಟ್ಟು ಕಮ್ಮಿ ಕೆಲಸ, ಅಷ್ಟೇ. ಹೆಸರಿಲ್ಲದ ಒಬ್ಬರು ಬ್ಯಾಂಕಿಗೆ, ಆಧಾರ್‌ಗೆ, ಆರ್‌ಟಿಒಗೆ ವಿಳಾಸದ ದಾಖಲೆ ಇಲ್ಲದೆ ತಿಂಗಳುಗಟ್ಟಲೆ ಪರದಾಡಬೇಕು. ಕಾರು ಯಾರ ಹೆಸರಲ್ಲಿದೆಯೋ ಅವರ ಹೆಸರಂತೂ ತಪ್ಪಬಾರದು.

ಅಪಾರ್ಟ್‌ಮೆಂಟ್ ಆದರೆ ಅಲ್ಲಿನ ಸೊಸೈಟಿಗೂ ಕಾಗದ ಕೊಡಬೇಕು. ಕೆಲವು ಕಡೆ ಸಾಮಾನು ಇಳಿಸಲು ಶುಲ್ಕ, ನಿಗದಿತ ಸಮಯ, ಲಿಫ್ಟಿನ ನಿಯಮ ಇರುತ್ತವೆ. ಲಾರಿ ರಾತ್ರಿ ಹತ್ತಕ್ಕೆ ಬಂದು ನಿಂತರೆ ಗೇಟಿನವನು ಬಿಡುವುದಿಲ್ಲ. ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಕೊಡುವ ಕ್ರಮವೂ ಇದೆ, ಆನ್‌ಲೈನ್‌ನಲ್ಲೇ ಆಗುತ್ತದೆ. ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ.

ಹಂತ 3: ಬೆಂಗಳೂರು ಬಿಡುವ ಮುಂಚೆ

ಟ್ರಾಫಿಕ್ ದಂಡ ಮೊದಲು. ಪರಿವಾಹನ್ ಇ-ಚಲನ್ ತಾಣ, ಬೆಂಗಳೂರು ಸಂಚಾರ ಪೊಲೀಸರ ತಾಣ ಎರಡರಲ್ಲೂ ಗಾಡಿ ನಂಬರ್ ಹಾಕಿ ನೋಡಿ. ಯಾವತ್ತೋ ಸಿಗ್ನಲ್ ಹಾರಿದ್ದು, ಸೀಟ್ ಬೆಲ್ಟ್ ಹಾಕದ್ದು, ಎಲ್ಲ ಅಲ್ಲಿರುತ್ತದೆ. ದಂಡ ಬಾಕಿ ಇದ್ದರೆ ಎನ್‌ಒಸಿ ಬರುವುದಿಲ್ಲ.

ಈಗ ಆ ಎನ್‌ಒಸಿ ವಿಷಯ. ಇದನ್ನು ಮನೆ ಗೊತ್ತಾಗುವ ಮುಂಚೆ ತೆಗೆಸಬೇಡಿ ಅನ್ನುವುದಕ್ಕೆ ಕಾರಣವಿದೆ. ಎನ್‌ಒಸಿಯಲ್ಲಿ ನೀವು ಹೋಗುತ್ತಿರುವ ಆರ್‌ಟಿಒ ಯಾವುದು ಅಂತ ಬರೆದಿರುತ್ತದೆ. ಕೊತ್ರೂಡ್‌ನಲ್ಲಿ ಮನೆ ಮಾಡಿದರೆ ಪುಣೆ ಆರ್‌ಟಿಒ, ನಂಬರ್ 'ಎಂಎಚ್ 12'. ಹಿಂಜೆವಾಡಿ, ವಾಕಡ್ ಕಡೆಯಾದರೆ ಪಿಂಪ್ರಿ-ಚಿಂಚ್‌ವಡ, 'ಎಂಎಚ್ 14'. ಸುಮ್ನೆ 'ಪುಣೆ' ಅಂತ ಬರೆಸಿಕೊಂಡು ಹೋಗಿ ಆಮೇಲೆ ವಾಕಡ್‌ನಲ್ಲಿ ಮನೆ ಸಿಕ್ಕರೆ, ಆ ಕಾಗದ ತಿದ್ದಿಸಲು ಮತ್ತೆ ಬೆಂಗಳೂರಿಗೇ ಬರಬೇಕು.

ಮನೆ ನಿಕ್ಕಿಯಾಗಿದೆ, ನಂಬರ್ ಬದಲಿಸುವುದೂ ಖಚಿತ ಅಂದರೆ ಇಲ್ಲಿದ್ದಾಗಲೇ ಅರ್ಜಿ ಹಾಕಿ. ಫಾರಂ 28 ತುಂಬಬೇಕು. ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್, ವಿಳಾಸದ ದಾಖಲೆ ಬೇಕು. ಸಾಲದ ಕಾರಾದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು, ಅದು ಬರಲು ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ, ಹಾಗಾಗಿ ಮೊದಲು ಬ್ಯಾಂಕಿಗೆ ಬರೆಯಿರಿ. ಜೊತೆಗೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು. ಹೊಸಬರಿಗೆ ಇದು ವಿಚಿತ್ರ ಅನ್ನಿಸಬಹುದು. ಚಾಸಿ ನಂಬರ್ ಎಲ್ಲಿ ಕೆತ್ತಿದೆ ಅಂತ ಕಾರಿನ ಪುಸ್ತಕದಲ್ಲಿ ನೋಡಿ. ಆ ಜಾಗದ ದೂಳು, ಜಿಡ್ಡು ಬಟ್ಟೆಯಿಂದ ಒರೆಸಿ. ತೆಳು ಕಾಗದ ಇಟ್ಟು ಅಲುಗಾಡದಂತೆ ಒತ್ತಿ ಹಿಡಿದು, ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಉಜ್ಜಿ. ಒಬ್ಬರು ಕಾಗದ ಹಿಡಿಯಿರಿ, ಒಬ್ಬರು ಉಜ್ಜಿ, ಒಬ್ಬರಿಂದಲೇ ಆಗುವ ಕೆಲಸವಲ್ಲ. ಅಕ್ಷರಗಳು ಒಂದೊಂದಾಗಿ ಬಿಳಿ ಗೆರೆಯಲ್ಲಿ ಮೂಡುತ್ತವೆ. ನಾಲ್ಕೈದು ಅಚ್ಚು ತೆಗೆದಿಟ್ಟುಕೊಳ್ಳಿ, ಪುಣೆಯಲ್ಲೂ ಬೇಕಾಗುತ್ತದೆ.

ಇರುವುದೋ ಬಿಡುವುದೋ ಅಂತ ಇನ್ನೂ ತೂಗಾಡುತ್ತಿದ್ದರೆ ಎನ್‌ಒಸಿ ಬೇಡ. ತೆಗೆದ ಮೇಲೆ ಕಾರು ಇತ್ತ ಕರ್ನಾಟಕದ್ದೂ ಅಲ್ಲ, ಅತ್ತ ಮಹಾರಾಷ್ಟ್ರದ್ದೂ ಅಲ್ಲ ಅನ್ನುವ ಸ್ಥಿತಿ. ಆಗ ಮಾರುವುದೂ ಕಷ್ಟ.

ಗ್ಯಾಸ್ ಸಂಪರ್ಕ: ಬೇರೆ ಊರಿಗೆ ಹೋಗುವಾಗ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ತಗೊಳ್ಳಬೇಕು. ಮೊದಲು ಸಂಪರ್ಕ ತಗೊಂಡಾಗ ಕೊಟ್ಟ ಚೀಟಿ ಹುಡುಕಿಟ್ಟುಕೊಳ್ಳಿ. ಪುಣೆಯಲ್ಲಿ ಎಷ್ಟೋ ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ ಇದೆ. ಅಂಥ ಮನೆಯಾದರೆ ಸಂಪರ್ಕ ಒಪ್ಪಿಸಿ ಠೇವಣಿ ವಾಪಸ್ ತಗೊಂಡರೆ ಮುಗಿಯಿತು. ಸಿಲಿಂಡರನ್ನು ಲಾರಿಗಾಗಲಿ ಕಾರಿಗಾಗಲಿ ಹಾಕುವ ಯೋಚನೆಯೇ ಬೇಡ.

ಹಳೇ ಮನೆಯ ಕರೆಂಟ್ ಮೀಟರ್, ಗೋಡೆ, ಬಚ್ಚಲು, ಅಡುಗೆಮನೆಯ ವಿಡಿಯೊ ಮಾಡಿ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ವಾಡಿಕೆ. ಅದಕ್ಕಿಂತ ಜಾಸ್ತಿ ಹಿಡಿದರೆ ತೋರಿಸಲು ಏನಾದರೂ ಇರಲಿ.

ಹಂತ 4: ಲಾರಿಗೆ ಏನು, ಕಾರಿಗೆ ಏನು

ಪ್ಯಾಕರ್ಸ್ ಆರಿಸುವಾಗ ಎಲ್ಲರಿಗಿಂತ ಕಮ್ಮಿ ಹೇಳಿದವರನ್ನು ಮೊದಲು ಕೈಬಿಡಿ. ಕಮ್ಮಿ ಹೇಳಿ ಸಾಮಾನು ಹತ್ತಿಸಿಕೊಂಡು ದಾರಿಯಲ್ಲಿ ಜಾಸ್ತಿ ಕೇಳುವುದು ಈ ವ್ಯಾಪಾರದ ಹಳೇ ಚಾಳಿ. ಮನೆಗೆ ಬಂದು ಸಾಮಾನು ನೋಡಿಯೇ ದರ ಹೇಳಬೇಕು, ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಬೇಕು. ನಿಮ್ಮ ಸಾಮಾನಿಗೇ ಒಂದು ಲಾರಿಯೋ, ನಾಲ್ಕು ಮನೆಯದ್ದು ಸೇರಿಸಿ ಒಂದು ಲಾರಿಯೋ ಕೇಳಿ. ಸೇರಿಸುವ ಲಾರಿ ಅಗ್ಗ, ಆದರೆ ಯಾವತ್ತು ಬರುತ್ತದೆ ಅನ್ನುವುದು ದೇವರಿಗೇ ಗೊತ್ತು. ಸಾಗಣೆಯ ವಿಮೆ ಮಾಡಿಸುವುದಾದರೆ ವಿಮಾ ಕಂಪನಿಯ ಹೆಸರಿರುವ ಕಾಗದವನ್ನೇ ಕೇಳಿ. ಪ್ರತಿ ಡಬ್ಬಕ್ಕೆ ನಂಬರ್, ಒಳಗೇನಿದೆ ಅನ್ನುವ ಪಟ್ಟಿ ಇಬ್ಬರ ಫೋನಿನಲ್ಲೂ ಇರಲಿ.

ಕಾರಿಗೆ ಹೋಗಬೇಕಾದವು ಇವು: ಎಲ್ಲ ಮೂಲ ದಾಖಲೆ, ಚಿನ್ನ, ಲ್ಯಾಪ್‌ಟಾಪ್, ಔಷಧಿ, ಎರಡು ದಿನದ ಬಟ್ಟೆ, ಒಂದು ಚಾಪೆ, ಹೊದಿಕೆ, ಬಕೆಟ್ ಮಗ್ಗು, ಎಕ್ಸ್‌ಟೆನ್ಷನ್ ಬೋರ್ಡ್. ಲಾರಿ ತಡವಾದರೂ ಖಾಲಿ ಮನೆಯಲ್ಲಿ ಎರಡು ರಾತ್ರಿ ಕಳೆಯುವಷ್ಟು. ಅಡುಗೆಮನೆಯಿಂದ ಒಂದು ಸಣ್ಣ ಕುಕ್ಕರ್, ಇಂಡಕ್ಷನ್ ಒಲೆ, ಸಾಂಬಾರ್ ಪುಡಿ, ಫಿಲ್ಟರ್, ಕಾಫಿ ಪುಡಿ. ಪುಣೆ ಚಹಾದ ಊರು. ಚಿಕೋರಿ ಹಾಕಿದ ನಮ್ಮ ಕಾಫಿ ಪುಡಿ ಎಲ್ಲಿ ಸಿಗುತ್ತದೆ ಅಂತ ಮೊದಲ ವಾರ ಹುಡುಕುತ್ತಾ ಕೂರಬೇಡಿ. ಸೋನಾ ಮಸೂರಿ ಮೂಟೆ ಕಟ್ಟಿಕೊಂಡು ಹೋಗಬೇಕಿಲ್ಲ, ಅಲ್ಲಿ ಕೋಲಂ ಅಕ್ಕಿ ಚೆನ್ನಾಗಿರುತ್ತದೆ. ಗ್ರೈಂಡರಿನ ಕಲ್ಲು ಮಾತ್ರ ಬೇರೆ ಮಾಡಿ, ಬಟ್ಟೆ ಸುತ್ತಿ ಡಿಕ್ಕಿಯ ತಳದಲ್ಲಿಡಿ. ಲಾರಿಯಲ್ಲಿ ಅದು ಉರುಳಿದರೆ ಪಕ್ಕದ ಡಬ್ಬಗಳ ಗತಿ ಹೇಳುವುದು ಬೇಡ.

ಹಿಂದಿನ ಗಾಜು ಮುಚ್ಚುವಷ್ಟು ತುಂಬಬೇಡಿ. ಗಿಡದ ಕುಂಡ ಒಂದೆರಡಕ್ಕಿಂತ ಹೆಚ್ಚು ಬೇಡ, ಎಷ್ಟೇ ಆಸೆ ಇದ್ದರೂ.

ಹಂತ 5: ದಾರಿ

ರಾಷ್ಟ್ರೀಯ ಹೆದ್ದಾರಿ 48. ಹಿಂದೆ ಇದೇ ಎನ್‌ಎಚ್ 4. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ್, ಸಾತಾರಾ, ಪುಣೆ. ಒಟ್ಟು ಸುಮಾರು 840 ಕಿಲೋಮೀಟರ್. ಒಂದೇ ದಿನದಲ್ಲಿ ಹೊಡೆಯುವವರಿದ್ದಾರೆ. ಮನೆ ಖಾಲಿ ಮಾಡಿ ನಿದ್ದೆಗೆಟ್ಟ ಗಂಡ ಹೆಂಡತಿ ಆ ಸಾಹಸ ಮಾಡಬಾರದು. ಬೆಳಗಾವಿ ಸುಮಾರು 500 ಕಿಲೋಮೀಟರ್. ಮೊದಲ ರಾತ್ರಿ ಅಲ್ಲೇ ಉಳಿಯಿರಿ. ಎರಡನೇ ದಿನಕ್ಕೆ 340ರಷ್ಟು ಉಳಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಪುಣೆ. ಬೆಳಕಿರುವಾಗ ಹೊಸ ಮನೆಗೆ ಕಾಲಿಡಬೇಕು. ನೀರಿನ ವಾಲ್ವ್ ಎಲ್ಲಿ, ಫ್ಯೂಸ್ ಎಲ್ಲಿ ಅಂತ ಕತ್ತಲಲ್ಲಿ ತಡಕುವುದು ಬೇಡ.

ಹೊರಡುವ ವಾರ ಗಾಡಿಗೆ ಸರ್ವಿಸ್ ಮಾಡಿಸಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಅಂತ ನೀವೇ ಒತ್ತಿ ನೋಡಿ. ಎಮಿಷನ್ ಟೆಸ್ಟ್ ಹೊಸದಾಗಿ ಮಾಡಿಸಿ, ಅಲ್ಲಿ ಅದನ್ನು ಪಿಯುಸಿ ಅನ್ನುತ್ತಾರೆ. ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ವಾರ್ಷಿಕ ಪಾಸ್ ಬಂದಿದೆ (ಶುರುವಾದಾಗ ಬೆಲೆ 3,000 ರೂಪಾಯಿ ಇತ್ತು), ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಈ ದಾರಿಯಲ್ಲಿ ಟೋಲ್‌ಗಳ ಸಾಲೇ ಇದೆ. ಹಬ್ಬಕ್ಕೆ, ಮದುವೆಗೆ ಅಂತ ವರ್ಷದಲ್ಲಿ ಕೆಲವು ಸಲ ಊರಿಗೆ ಬರುವವರಿಗೆ ಪಾಸ್ ಲಾಭ. ಆದರೆ ಇದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ರಾಜ್ಯದ್ದು, ಅಲ್ಲಿ ನಡೆಯುವುದಿಲ್ಲ.

ಬೆಳಗ್ಗೆ ಐದಕ್ಕೆ ಬಿಟ್ಟರೆ ನೆಲಮಂಗಲದ ಗೋಜಿಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ದಾವಣಗೆರೆ ಬೆಣ್ಣೆ ದೋಸೆ ತಿನ್ನಲೇಬೇಕು ಅಂದರೆ ಊರೊಳಗೆ ಹೋಗಬೇಕು, ಒಂದು ಗಂಟೆ ಅದಕ್ಕೇ ತೆಗೆದಿಡಿ. ಎರಡು ಗಂಟೆಗೊಮ್ಮೆ ಡ್ರೈವಿಂಗ್ ಬದಲಿಸಿ. ದಣಿವಾದ ಮೇಲೆ ಅಲ್ಲ, ಆಗುವ ಮುಂಚೆ. ಪಕ್ಕದಲ್ಲಿ ಕೂತವರಿಗೆ ಮ್ಯಾಪ್, ಟೋಲ್ ಮೆಸೇಜ್, ಲಾರಿಯವನ ಫೋನ್ ಈ ಮೂರು ಕೆಲಸ. ಓಡಿಸುವವರಿಗೆ 'ನಿಧಾನ, ನಿಧಾನ' ಅನ್ನುವುದು ನಾಲ್ಕನೆಯದು. ಅದನ್ನು ಒಂದು ಮಿತಿಯಲ್ಲಿಟ್ಟರೆ ಸಂಸಾರಕ್ಕೆ ಒಳ್ಳೆಯದು.

ಹುಬ್ಬಳ್ಳಿ-ಧಾರವಾಡ ಬೈಪಾಸ್ ಬಗ್ಗೆ ಎಚ್ಚರ. ಅಲ್ಲಿಯವರೆಗೆ ಅಗಲ ರಸ್ತೆಯಲ್ಲಿ ಬಂದವರಿಗೆ ವರ್ಷಗಟ್ಟಲೆ ಕಾಡಿದ್ದು ಆ ಕಿರಿದಾದ, ಎದುರು ಬದುರು ಓಡಾಟದ ತುಂಡು. ಅಪಘಾತಗಳಿಗೆ ಹೆಸರಾದ ಜಾಗ. ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಕೆಲಸ ನಡೆಯುವ ಕಡೆ ಓವರ್‌ಟೇಕ್ ಬೇಡವೇ ಬೇಡ. ಧಾರವಾಡ ದಾಟಿದರೆ ಕಿತ್ತೂರು, ಹೆದ್ದಾರಿಗೆ ಅಂಟಿಕೊಂಡಂತೆಯೇ ಇದೆ. ಸಂಜೆ ಬೆಳಕಿದ್ದರೆ ಚೆನ್ನಮ್ಮನ ಕೋಟೆಯಲ್ಲಿ ಅರ್ಧ ಗಂಟೆ ಕಾಲಾಡಿಸಿ. ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಳ್ಳಿ, ಹೊಸ ನೆರೆಮನೆಯವರಿಗೆ ಕೊಡಲು ಬೇಕಾಗುತ್ತದೆ.

ಮಾರನೇ ದಿನ ವಂಟಮುರಿ ಘಾಟಿ, ನಿಪ್ಪಾಣಿಗೆ ಮುಂಚೆ ತವಂದಿ ಘಾಟಿ. ಎರಡೂ ದೊಡ್ಡವಲ್ಲ, ಲಾರಿಗಳದ್ದೇ ಕಾಟ. ಪೆಟ್ರೋಲ್ ಕರ್ನಾಟಕದಲ್ಲೇ ಸಾಮಾನ್ಯವಾಗಿ ಅಗ್ಗ, ನಿಪ್ಪಾಣಿಯಲ್ಲಿ ಟ್ಯಾಂಕ್ ತುಂಬಿಸಿ. ಕೊಗನೊಳ್ಳಿ ಟೋಲ್ ನಮ್ಮ ಕಡೆಯ ಕೊನೆಯದು. ಕೊಲ್ಹಾಪುರ ದಾಟಿದ ಮೇಲೆ ಕಿಣಿ ಟೋಲ್ ಬರುತ್ತದೆ. ಅಲ್ಲಿ ಬರುವ ಫಾಸ್ಟ್ಯಾಗ್ ಮೆಸೇಜ್ ಅಳಿಸಬೇಡಿ. ನಿಮ್ಮ ಕಾರು ಮಹಾರಾಷ್ಟ್ರಕ್ಕೆ ಬಂದ ತಾರೀಖಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆ 12 ತಿಂಗಳ ಲೆಕ್ಕ ಶುರುವಾಗುವುದು ಅಲ್ಲಿಂದ. ಮುಂದೆ ಯಾವ ಪೊಲೀಸ್ ಕೇಳಿದರೂ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್, ಪ್ಯಾಕರ್ಸ್ ಬಿಲ್ ಎರಡನ್ನೂ ತೋರಿಸಿ.

ಕಾಗಲ್‌ನಿಂದ ಸಾತಾರಾವರೆಗೆ ಆರು ಪಥದ ಕೆಲಸ. ಸೇತುವೆ ಕಟ್ಟುವ ಕಡೆಯೆಲ್ಲ ಸರ್ವಿಸ್ ರಸ್ತೆಗೆ ಇಳಿಸುತ್ತಾರೆ, ಬೋರ್ಡು ಕೊನೇ ಗಳಿಗೆಯಲ್ಲಿ ಕಾಣುತ್ತದೆ. ಸಾತಾರಾ ಆದ ಮೇಲೆ ಖಂಬಾಟ್ಕಿ. ಪುಣೆಗೆ ಹೋಗುವವರಿಗೆ ಇಲ್ಲಿ ಸುರಂಗ, ಘಾಟಿ ಹತ್ತುವುದು ಎದುರಿಂದ ಬರುವವರು. ಸುರಂಗ ದಾಟಿದ ಕೂಡಲೇ ಇಳಿಜಾರಿನಲ್ಲಿ ಹಾವಿನಂಥ ತಿರುವು ಇದೆ. ಸುರಂಗದೊಳಗೇ ವೇಗ ತಗ್ಗಿಸಿ, ಹಿಂದೆ ಲಾರಿ ಎಷ್ಟು ದೂರದಲ್ಲಿದೆ ಅಂತ ಕನ್ನಡಿ ನೋಡಿ, ಆಮೇಲೆ ಹೊರಗೆ ಬನ್ನಿ. ಹೊಸ ಜೋಡಿ ಸುರಂಗದ ಕೆಲಸ ನಡೆದಿದೆ, ಅದು ತೆರೆದಿದ್ದರೆ ಈ ತೊಂದರೆಯೇ ಇಲ್ಲ. ಕೊನೆಯ ಗಂಡಾಂತರ ಪುಣೆಯ ಬಾಗಿಲಲ್ಲೇ. ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆವರೆಗೆ ಉದ್ದನೆಯ ಇಳಿಜಾರು. ಬ್ರೇಕ್ ಹೋದ ಲಾರಿಗಳು ಮುಂದಿನ ಕಾರುಗಳಿಗೆ ಗುದ್ದಿದ್ದು ಇಲ್ಲಿ ಎಷ್ಟೋ ಸಲ. ಮನೆ ಬಂತು ಅನ್ನುವ ಸಡಗರ ಅಲ್ಲಿ ಬೇಡ. ಕಡಿಮೆ ಗೇರಿನಲ್ಲಿ ಇಳಿಯಿರಿ, ಲಾರಿಯ ಮುಂದೆ ನಿಲ್ಲಬೇಡಿ.

ಕಾಲದ ಬಗ್ಗೆ ಎರಡು ಮಾತು. ಜುಲೈ, ಆಗಸ್ಟ್‌ನಲ್ಲಿ ಮನೆ ಬದಲಿಸಬೇಡಿ. 2019ರ ಆಗಸ್ಟ್, 2021ರ ಜುಲೈ ಎರಡೂ ಸಲ ಪಂಚಗಂಗಾ ಉಕ್ಕಿ ಕೊಲ್ಹಾಪುರ ಬಳಿಯ ಶಿರೋಲಿಯಲ್ಲಿ ಹೆದ್ದಾರಿಯೇ ಮುಳುಗಿತ್ತು. ದಿನಗಟ್ಟಲೆ ಲಾರಿಗಳು ನಿಂತಲ್ಲೇ ನಿಂತಿದ್ದವು. ಇನ್ನೊಂದು, ಗಡಿ ವಿಚಾರ ಬಿಸಿಯೇರಿದಾಗ. 2022ರ ಡಿಸೆಂಬರ್‌ನಲ್ಲಿ ಎರಡೂ ಕಡೆ ಬಸ್ಸುಗಳ ಮೇಲೆ ಮಸಿ ಬಿತ್ತು, ಸಂಚಾರ ನಿಂತಿತು. ಅಂಥ ದಿನ ಹಟ ಬೇಡ, ಎರಡು ದಿನ ತಡವಾಗಿ ಹೊರಡಿ. ಉಳಿದಂತೆ 'ಕೆಎ' ನಂಬರ್ ನೋಡಿ ಪುಣೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಹಂತ 6: ಮೊದಲ ತಿಂಗಳ ಕಾಗದ ಪತ್ರ

ನೋಂದಣಿಯಾದ ಕರಾರು ಕೈಯಲ್ಲಿದ್ದರೆ ಇದು ಸರಾಗ. ಆಧಾರ್ ವಿಳಾಸ ಆನ್‌ಲೈನ್‌ನಲ್ಲೇ ಬದಲಾಗುತ್ತದೆ. ಮೊದಲು ಒಬ್ಬರದು ಮಾಡಿ. ಇನ್ನೊಬ್ಬರ ಹೆಸರು ಕರಾರಿನಲ್ಲಿ ಇಲ್ಲದಿದ್ದರೂ 'ಕುಟುಂಬದ ಮುಖ್ಯಸ್ಥರ ಆಧಾರದ ಮೇಲೆ' ಅನ್ನುವ ದಾರಿಯಿದೆ. ಮದುವೆ ನೋಂದಣಿ ಪತ್ರ ಹಾಕಿ ಅರ್ಜಿ ಕೊಟ್ಟರೆ, ಮುಖ್ಯಸ್ಥರು 30 ದಿನದೊಳಗೆ ಆನ್‌ಲೈನ್‌ನಲ್ಲಿ ಒಪ್ಪಬೇಕು. ಮುಖ್ಯಸ್ಥರು ಗಂಡನೇ ಆಗಬೇಕು ಅಂತೇನಿಲ್ಲ. ಮದುವೆ ನೋಂದಣಿ ಮಾಡಿಸಿಲ್ಲ ಅಂದರೆ ಊರು ಬಿಡುವ ಮುಂಚೆ ಮಾಡಿಸಿಬಿಡಿ. ಮದುವೆಯಾದ ಊರು ದೂರವಾದಷ್ಟೂ ಆ ಕೆಲಸ ಕಷ್ಟ.

ಆಧಾರ್ ಆದ ಮೇಲೆ ಬ್ಯಾಂಕ್ ಕೆವೈಸಿ. ಡ್ರೈವಿಂಗ್ ಲೈಸೆನ್ಸ್ ದೇಶಪೂರ್ತಿ ನಡೆಯುತ್ತದೆ, ಹೊಸ ಟೆಸ್ಟ್ ಬೇಕಿಲ್ಲ. ವಿಳಾಸ ಮಾತ್ರ ಸಾರಥಿ ತಾಣದಲ್ಲಿ ಬದಲಿಸಿಕೊಳ್ಳಿ. ಮತದಾರರ ಪಟ್ಟಿಗೆ ಫಾರಂ 8. ಹಳೆಯವರು ಫಾರಂ 6 ಅನ್ನುತ್ತಾರೆ, ಅದು ಈಗ ಹೊಸ ಮತದಾರರಿಗೆ ಮಾತ್ರ. ವೃತ್ತಿ ತೆರಿಗೆ ಎರಡೂ ರಾಜ್ಯದಲ್ಲಿದೆ, ಸಂಬಳದಲ್ಲೇ ಹಿಡಿಯುತ್ತಾರೆ. ಕಾರಿನ ವಿಮೆಗೆ ಹೊಸ ವಿಳಾಸ ಸೇರಿಸಿ. ಬೆಂಗಳೂರು, ಪುಣೆ ಎರಡೂ ವಿಮೆಯವರ ಲೆಕ್ಕದಲ್ಲಿ 'ಎ' ವಲಯದ ಊರುಗಳೇ, ಹಾಗಾಗಿ ಆ ಲೆಕ್ಕದಲ್ಲಿ ಪ್ರೀಮಿಯಂ ಏರುವುದಿಲ್ಲ.

ಇಬ್ಬರಲ್ಲಿ ಒಬ್ಬರು ಮನೆಯಿಂದಲೇ ಕೆಲಸ ಮಾಡುವವರು ಅಥವಾ ಹೊಸ ಕೆಲಸ ಹುಡುಕುತ್ತಿರುವವರು ಅಂತಿದ್ದರೆ ಈ ಕಾಗದದ ಕೆಲಸವೆಲ್ಲ ಅವರ ತಲೆಗೇ ಬೀಳುತ್ತದೆ. ಹಾಗಾಗಲು ಬಿಡಬೇಡಿ. ಹೊಸ ಊರಲ್ಲಿ ಅವರಿಗೆ ಸಿಗುವ ಮೊದಲ ಪರಿಚಯ ಸರ್ಕಾರಿ ಕೌಂಟರಿನ ಗುಮಾಸ್ತರೇ ಆಗಬಾರದು. ಪುಣೆಯಲ್ಲಿ ಕನ್ನಡ ಸಂಘವಿದೆ, 'ಕಾವೇರಿ' ಹೆಸರಿನಲ್ಲಿ ಶಾಲೆ ಕಾಲೇಜು ನಡೆಸುತ್ತದೆ. ಚಳಿಗಾಲದಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಹೋಗಿ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ್ದು. ಪಕ್ಕದ ಕುರ್ಚಿಯಲ್ಲಿ ಧಾರವಾಡದ ಮಾತು ಕೇಳಿಸುವ ಸಾಧ್ಯತೆ ಜಾಸ್ತಿಯೇ. ಮರಾಠಿ ನಾಲ್ಕು ಮಾತು ಬೇಗ ಕಲಿಯಿರಿ. ಆಟೊದವರನ್ನು 'ದಾದಾ', ವಯಸ್ಸಾದವರನ್ನು 'ಕಾಕಾ', ಮನೆಗೆಲಸಕ್ಕೆ ಬರುವವರನ್ನು 'ಮಾವಶಿ' ಅಂದರೆ ಅರ್ಧ ಕೆಲಸ ಆದಂತೆ.

ಹಂತ 7: ಕಾರಿನ ನಂಬರ್, ತೆರಿಗೆ, ರೀಫಂಡ್

ಎಂಟು ಒಂಬತ್ತು ತಿಂಗಳಾಗುವಷ್ಟರಲ್ಲಿ ಇರುವುದೋ ಹೋಗುವುದೋ ಗೊತ್ತಾಗಿರುತ್ತದೆ. ಇರುವುದಾದರೆ ಆಗ ಶುರು ಮಾಡಿ, ಹನ್ನೊಂದನೇ ತಿಂಗಳವರೆಗೆ ಕಾಯಬೇಡಿ. ಎನ್‌ಒಸಿ ಮೊದಲೇ ತಂದಿದ್ದರೆ ಇಷ್ಟು ದಿನವೂ ಇಟ್ಟುಕೊಳ್ಳಬೇಡಿ, ಬಂದ ತಿಂಗಳಲ್ಲೇ ಅರ್ಜಿ ಹಾಕಿ.

ಬೇಕಾಗುವುದು ಎನ್‌ಒಸಿ, ಹೊಸ ನಂಬರಿಗೆ ಫಾರಂ 27, ವಿಳಾಸಕ್ಕೆ ಫಾರಂ 33, ಆರ್‌ಸಿ, ವಿಮೆ, ಪಿಯುಸಿ, ಕರಾರು, ಆ ಪೆನ್ಸಿಲ್ ಅಚ್ಚು. ಇನ್‌ಸ್ಪೆಕ್ಟರ್‌ಗೆ ಕಾರು ತೋರಿಸಬೇಕು. ತೆರಿಗೆಯನ್ನು ಕಾರಿನ ಮೂಲ ಬೆಲೆ, ವಯಸ್ಸು, ಇಂಧನ ನೋಡಿ ಹಾಕುತ್ತಾರೆ. ಡೀಸೆಲ್‌ಗೆ ಪೆಟ್ರೋಲ್‌ಗಿಂತ ಜಾಸ್ತಿ. ಕಾರು ಕೊಂಡಾಗಿನ ಇನ್‌ವಾಯ್ಸ್ ಇದ್ದರೆ ಬೆಲೆಯ ಬಗ್ಗೆ ವಾದ ಬರುವುದಿಲ್ಲ, ಹಳೇ ಫೈಲಿನಿಂದ ಹುಡುಕಿ ತೆಗೆದಿಡಿ. ಈ ತೆರಿಗೆಯನ್ನು ಮೊದಲು ಕೈಯಿಂದ ಕಟ್ಟಬೇಕು, ಕರ್ನಾಟಕದ ದುಡ್ಡು ಬರುವುದು ಆಮೇಲೆ.

ಹೊಸ ನಂಬರ್ ಬಂದ ದಿನವೇ ನಾಲ್ಕು ಕೆಲಸ: ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್‌ಗೆ ಆರ್ಡರ್, ವಿಮೆಯಲ್ಲಿ ನಂಬರ್ ತಿದ್ದುಪಡಿ, ಹೊಸ ಪಿಯುಸಿ, ಫಾಸ್ಟ್ಯಾಗ್. ವಿಮೆಯಲ್ಲಿ ಹಳೇ ನಂಬರ್ ಉಳಿದಿದ್ದರೆ ಕ್ಲೇಮಿನ ಹೊತ್ತಿಗೆ ಎಳೆದಾಡುತ್ತಾರೆ. ಫಾಸ್ಟ್ಯಾಗ್ ವಾರ್ಷಿಕ ಪಾಸ್ ಗಾಡಿ ನಂಬರಿಗೇ ಅಂಟಿರುತ್ತದೆ. ಹಾಗಾಗಿ ನಂಬರ್ ಬದಲಿಸುವ ತಿಂಗಳಲ್ಲಿ ಹೊಸ ಪಾಸ್ ಕೊಳ್ಳಬೇಡಿ.

ಕೊನೆಗೆ ಕರ್ನಾಟಕದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸ್, ಅಂದರೆ ಕಾರು ಕೊಂಡಾಗ ಒಟ್ಟಿಗೇ ಕಟ್ಟಿದ ವಾಹನ ತೆರಿಗೆ. ನಮ್ಮ ರಾಜ್ಯದ ತೆರಿಗೆ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು, ಹಾಗಾಗಿ ಇದನ್ನು ಬಿಡಬೇಡಿ. ಗಾಡಿಯ ವಯಸ್ಸಿಗೆ ತಕ್ಕಂತೆ ಒಂದು ಪಾಲು ವಾಪಸ್ ಕೊಡುತ್ತಾರೆ. ಹೊಸ ಕಾರಿಗೆ ಹೆಚ್ಚು, ಹಳೆಯದಕ್ಕೆ ಕಮ್ಮಿ. ಅರ್ಜಿ ಹೋಗಬೇಕಾದದ್ದು ಮೊದಲು ನೋಂದಣಿ ಮಾಡಿದ್ದ ಆರ್‌ಟಿಒಗೆ. ಮಹಾರಾಷ್ಟ್ರದ ಹೊಸ ಆರ್‌ಸಿ, ಅಲ್ಲಿ ತೆರಿಗೆ ಕಟ್ಟಿದ ರಸೀದಿ, ಎನ್‌ಒಸಿ ಪ್ರತಿ, ಕರ್ನಾಟಕದ ಹಳೇ ತೆರಿಗೆ ರಸೀದಿ, ಬ್ಯಾಂಕ್ ವಿವರ ಜೊತೆಗಿಡಿ. ಹಬ್ಬಕ್ಕೆ ಬಂದಾಗ ಕೆಲಸದ ದಿನ ಒಂದನ್ನು ಸೇರಿಸಿಕೊಂಡು ನೀವೇ ಹೋಗಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. ದುಡ್ಡು ಬರಲು ತಿಂಗಳುಗಳೇ ಹಿಡಿಯಬಹುದು. ಅರ್ಜಿಯಲ್ಲಿ ಬರೆದ ಖಾತೆಯನ್ನು ಅಲ್ಲಿಯವರೆಗೆ ಮುಚ್ಚಬೇಡಿ.